ನಡೆದು ಬಂದ ಅಶ್ವದಳ

ವಿಲೋ ಕ್ರೀಕ್, ಕ್ಯಾನ್ಸಾಸ್
೧೮೬೮ ಅಕ್ಟೋಬರ್ ೧೯

ಜೊಥಾಮ್,

ಪ್ರೀತಿಯ ತಮ್ಮ ಎಂದು ಬರೆಯಲು ಹೊರಟೆ, ಕೈ ಏಳಲಿಲ್ಲ. ಇಲ್ಲಿ ಕ್ಷೇಮವಿಲ್ಲ. ಅಲ್ಲಿ ನೀನು ಕ್ಷೇಮವಾಗಿದ್ದರೆ ಅದು ನಿನ್ನ ಬುದ್ಧಿವಂತಿಕೆಯಿಂದಲ್ಲ.

ಕಳೆದ ಸೋಮವಾರ ಹಾಲು ಕರೆಯಲು ಹೋದರೆ ಕೊಟ್ಟಿಗೆಯಲ್ಲಿ ಎರಡು ಕುದುರೆಗಳ ಪೈಕಿ ಡ್ಯೂಕ್ ಒಬ್ಬನೇ ನಿಂತಿದ್ದ. ಟ್ಯಾನ್ಸಿ ಹಗ್ಗ ಬಿಚ್ಚಿಕೊಂಡು ಹೋದಳೇನೋ ಎಂದು ಕ್ರೀಕಿನ ತೊರೆಯ ಉದ್ದಕ್ಕೂ ಕೂಗುತ್ತ ಓಡಾಡಿದೆ. ಮಧ್ಯಾಹ್ನ ನಿನ್ನ ಹಾಸಿಗೆ ಕೊಡವಿದಾಗ ಚೀಟಿ ಬಿತ್ತು. ಸ್ವಯಂಸೇವಕರ ಅಶ್ವದಳಕ್ಕೆ ಸೇರಲು ಹೋಗಿದ್ದೀಯಂತೆ, ಟ್ಯಾನ್ಸಿಯನ್ನೂ ಕರೆದುಕೊಂಡು ಹೋಗಿದ್ದೀಯಂತೆ, ನಾನು ಬೇಜಾರು ಮಾಡಿಕೊಳ್ಳಬಾರದಂತೆ. ಅಕ್ಕನ ಎದುರು ನಿಂತು ಹೇಳುವ ಧೈರ್ಯವಿಲ್ಲದ ಗಂಡಸು ಚೆಯೆನ್ನ ಇಂಡಿಯನ್ ಬುಡಕಟ್ಟಿನವರ ಎದುರು ನಿಲ್ಲಲು ಹೊರಟಿದ್ದಾನೆ!

ಈ ಹುಲ್ಲುಗಾವಲಿನ ನೆಲ ಒಂದು ಕುದುರೆಗೆ ಬಗ್ಗುವುದಿಲ್ಲ ಎಂದು ನಿನಗೆ ಗೊತ್ತು. ಡ್ಯೂಕ್ ಮುದುಕ. ಚಳಿಗಾಲದ ಸೌದೆ ಇನ್ನೂ ಗುಡ್ಡದ ಆಚೆಯೇ ಬಿದ್ದಿದೆ. ಅದನ್ನು ಸೆರಗಿನಲ್ಲಿ ಕಟ್ಟಿ ತರಲೇ?

ಪಶ್ಚಿಮದಲ್ಲಿ ಚೆಯೆನ್ನರು ಮನೆಗಳನ್ನು ಸುಟ್ಟದ್ದು, ಇಬ್ಬರು ಹೆಂಗಸರನ್ನು ಎತ್ತಿಕೊಂಡು ಹೋದದ್ದು ನನಗೂ ಗೊತ್ತು. ಅವರ ಹೆಸರು ಹೇಳಿ ನಾನೂ ಪ್ರಾರ್ಥಿಸುತ್ತೇನೆ. ಆದರೆ ಅವರನ್ನು ಬಿಡಿಸಿ ತರಲು ಇಡೀ ರಾಜ್ಯದಲ್ಲಿ ನನ್ನ ಹೆಣ್ಣುಕುದುರೆ ಒಂದೇ ಇತ್ತೇ?

ನೀನು ಯಾಕೆ ಹೋದೆ ಎಂದು ಬಲ್ಲೆ. ಉತ್ತರ ದಕ್ಷಿಣ ರಾಜ್ಯಗಳ ದೊಡ್ಡ ಯುದ್ಧಕ್ಕೆ ಹಾರ್ಲನ್ ಅಣ್ಣ ಹೋದ, ನಿನ್ನನ್ನು ನಾನು ಬಿಡಲಿಲ್ಲ. ಅಂದಿನಿಂದ ಊರಿನ ಹುಡುಗರೆಲ್ಲ ತಮ್ಮ ತಮ್ಮ ಯುದ್ಧದ ಕಥೆ ಹೇಳುವಾಗ ನೀನು ಎದ್ದು ಹೊರಗೆ ಹೋಗುತ್ತಿದ್ದೆ. ಹೋದ ಅಣ್ಣ ಬರಲಿಲ್ಲ. ಆ ಕಥೆಯನ್ನು ಯಾರೂ ಹೇಳುವುದಿಲ್ಲ.

ಟ್ಯಾನ್ಸಿ ಹರಿಯುವ ನೀರಿಗೆ ಬಾಯಿ ಹಾಕುವುದಿಲ್ಲ, ಬಕೆಟ್ಟಿನಲ್ಲೇ ಕೊಡು. ಅವಳನ್ನು ಹೇಗೆ ಕೊಂಡುಹೋದೆಯೋ ಹಾಗೇ ತಂದು ನಿಲ್ಲಿಸು.

ಲವೀನಿಯಾ


ಟೊಪೀಕಾ ಬಳಿಯ ಶಿಬಿರ
ನವೆಂಬರ್ ೨

ಪ್ರೀತಿಯ ಅಕ್ಕನಿಗೆ ಜೊಥಾಮ್ ಮಾಡುವ ವಂದನೆಗಳು.

ನಿನ್ನ ಪತ್ರ ಬಂತು. ಗುಡಾರದಲ್ಲಿ ಯಾರಾದರೂ ಭುಜದ ಮೇಲಿಂದ ಓದಿಯಾರು ಎಂದು ಹಿಂದಿನ ಮರದ ಬುಡಕ್ಕೆ ಹೋಗಿ ಓದಿದೆ. ಬೈಗುಳ ನ್ಯಾಯವೇ. ಆದರೆ ಎದುರು ನಿಂತು ಹೇಳಿದ್ದರೆ ನೀನು ಬಿಡುತ್ತಿದ್ದೆಯೇ? ಅದನ್ನೂ ಸ್ವಲ್ಪ ಯೋಚಿಸು.

ನೀಲಿ ಕೋಟು ಕೊಟ್ಟಿದ್ದಾರೆ. ತೋಳು ಬೆರಳ ತುದಿ ದಾಟುತ್ತದೆ. ನಮ್ಮ ಕ್ಯಾಪ್ಟನ್ ಧಾನ್ಯದ ವ್ಯಾಪಾರಿಯಾಗಿದ್ದವರು, ಪುಸ್ತಕ ನೋಡಿಕೊಂಡು ಆಜ್ಞೆ ಕೊಡುತ್ತಾರೆ. ಮೊನ್ನೆ ಎರಡು ಹಾಳೆ ಒಟ್ಟಿಗೆ ಮಗುಚಿ, ನಾವೆಲ್ಲ ಕುದುರೆ ಹತ್ತುವ ಮೊದಲೇ ಓಡಿಸಿ ಎಂದರು. ಮೇಲಿನ ಕ್ರೀಕಿನ ಲೆಮ್ ಟಕೆಟ್ ನನ್ನ ಗುಡಾರದಲ್ಲೇ ಇದ್ದಾನೆ. ರಾತ್ರಿ ಇಡೀ ಗೊರಕೆ.

ಟ್ಯಾನ್ಸಿಯನ್ನು ಕಂಡು ಎಲ್ಲರಿಗೂ ಹೊಟ್ಟೆಯುರಿ. ಸರ್ಕಾರಿ ಕುದುರೆಗಳಲ್ಲಿ ಅರ್ಧ ಕುಂಟು, ಇನ್ನರ್ಧಕ್ಕೆ ಬೆನ್ನ ಮೇಲೆ ಮನುಷ್ಯ ಕುಳಿತದ್ದೇ ಗೊತ್ತಿಲ್ಲ. "ಬರ್ಡೆಟ್, ನಿನ್ನ ಕುದುರೆ ನನಗೆ ಕೊಡೋ, ನಿನಗೆ ನನ್ನ ಅಜ್ಜಿ ಬೇಕಾದ್ರೂ ಕೊಡ್ತೀನಿ" ಎನ್ನುತ್ತಾನೆ ಲೆಮ್.

ಆರೇ ತಿಂಗಳು ಅಕ್ಕ. ದಕ್ಷಿಣಕ್ಕೆ ಹೋಗುತ್ತೇವೆ, ಆ ಹೆಂಗಸರನ್ನು ಬಿಡಿಸುತ್ತೇವೆ, ಬಿತ್ತನೆಯ ಹೊತ್ತಿಗೆ ಬಂದುಬಿಡುತ್ತೇನೆ. ದಪ್ಪ ಉಣ್ಣೆಯ ಕಾಲುಚೀಲ ಇದ್ದರೆ ಕಳಿಸು.

ನಿನ್ನ ತಮ್ಮ
ಜೊಥಾಮ್


ವಿಲೋ ಕ್ರೀಕ್
ನವೆಂಬರ್ ೨೧

ಜೊಥಾಮ್,

ಕಾಲುಚೀಲ ಕಳಿಸಿದ್ದೇನೆ. ಕೋಪದಲ್ಲಿ ಹೆಣೆದದ್ದು, ಬಿಗಿಯಾಗಿದ್ದರೆ ಅದಕ್ಕೇ.

ಈಗ ನಾನು ಹೇಳುವುದನ್ನು ಎರಡು ಸಲ ಓದು. ಮೊನ್ನೆ ಗುಡ್ಡದ ಮೇಲಿನ ಎಲ್ಕಾನಾ ಪ್ರೌಟಿ ಹಂದಿಯ ತೊಡೆ ಹಿಡಿದುಕೊಂಡು ಬಂದ. ಎರಡು ವರ್ಷದಲ್ಲಿ ಒಂದು ಮೊಟ್ಟೆ ಕೊಡದ ಮನುಷ್ಯ.

"ಏನಮ್ಮಾ ಲವೀನಿಯಾ, ಜೊಥಾಮ್ ಕಾಣ್ತಾನೇ ಇಲ್ವಲ್ಲ?"

"ಸೈನ್ಯಕ್ಕೆ ಹೋಗಿದ್ದಾನೆ."

"ಓಹೋ, ಒಳ್ಳೇದಾಯ್ತು ಬಿಡು. ಹಿಡುವಳಿ ಅವನ ಹೆಸರಲ್ಲೇ ಅಲ್ವಾ ಇರೋದು?"

"ಹೌದು. ಯಾಕೆ?"

"ಏನಿಲ್ಲಮ್ಮ, ಹಾಗೇ ಕೇಳ್ದೆ. ಕ್ರೀಕಲ್ಲಿ ನಿಮ್ಮ ಕಡೆ ಬೇಸಿಗೇಲೂ ನೀರು ಬತ್ತಲ್ಲ, ಅಲ್ವಾ?"

ಹಂದಿಯ ತೊಡೆಯನ್ನು ಅವನ ಕೈಗೇ ವಾಪಸು ಕೊಟ್ಟೆ. ಮರುದಿನ ಡ್ಯೂಕ್‌ನ ಮೇಲೆ ಜಮೀನು ಕಚೇರಿಗೆ ಹೋಗಿ ಕೇಳಿದೆ. ಐದು ವರ್ಷ ಇಲ್ಲೇ ಇದ್ದು ಉತ್ತವನಿಗೇ ಸರ್ಕಾರ ಈ ನೆಲ ಕೊಡುವುದಂತೆ. ಹೆಸರು ಇರುವವನು ಆರು ತಿಂಗಳಿಗಿಂತ ಹೆಚ್ಚು ಕಾಲ ಜಾಗ ಬಿಟ್ಟಿದ್ದರೆ ಯಾರು ಬೇಕಾದರೂ ಬಂದು ತಕರಾರು ಹಾಕಬಹುದಂತೆ, ಹಾಕಿದವನಿಗೇ ಜಮೀನು ಸಿಗಬಹುದಂತೆ. ನಾನು ಇಲ್ಲೇ ವಾಸವಾಗಿದ್ದೇನಲ್ಲ ಎಂದೆ. ನಿಮ್ಮ ವಾಸ ಲೆಕ್ಕಕ್ಕಿಲ್ಲ ಎಂದರು. ಸೈನ್ಯದಲ್ಲಿದ್ದಾನೆ ಎಂದೆ. ಅದನ್ನು ಅವನೇ ಬಂದು ಹೇಳಲಿ ಎಂದರು.

ನೀನು ಹೊರಟದ್ದು ಅಕ್ಟೋಬರ್ ಮಧ್ಯದಲ್ಲಿ. ಏಪ್ರಿಲ್ ಮಧ್ಯದೊಳಗೆ ಮನೆಯಲ್ಲಿರಬೇಕು. ಹಿಡುವಳಿ ಬರೆಸಿದ ದಿನ ಕಚೇರಿಯಲ್ಲಿ "ಯಜಮಾನರು ಯಾರು?" ಎಂದು ಕೇಳಿದಾಗ ನಿನ್ನನ್ನು ಮುಂದೆ ತಳ್ಳಿದವಳು ನಾನೇ. ಹುಡುಗನಿಗೆ ಜವಾಬ್ದಾರಿ ಬರಲಿ ಎಂದುಕೊಂಡೆ. ಬಂತು, ಕುದುರೆ ಹತ್ತಿಕೊಂಡು ಹೋಯಿತು.

ಟ್ಯಾನ್ಸಿ ಹೇಗಿದ್ದಾಳೆ?

ಲವೀನಿಯಾ


ಸರಬರಾಜು ಶಿಬಿರ, ಇಂಡಿಯನ್ ಟೆರಿಟರಿ
ಡಿಸೆಂಬರ್ ೨೦

ಪ್ರೀತಿಯ ಅಕ್ಕ,

ಒಂದು ತಿಂಗಳಿನಿಂದ ಟಪಾಲು ಹೊರಟೇ ಇಲ್ಲ. ನಾವೇ ಎಲ್ಲಿದ್ದೇವೆಂದು ನಮಗೆ ಗೊತ್ತಿರಲಿಲ್ಲ, ಇನ್ನು ಪತ್ರಕ್ಕೇನು ಗೊತ್ತು?

ಇಲ್ಲಿ ಬಂದರೆ ಹಿಟ್ಟು, ಕಾಳು, ಹುಲ್ಲು ಎಲ್ಲ ಕಾದಿರುತ್ತದೆ ಎಂದಿದ್ದರು. ಅದಕ್ಕೇ ಬಂಡಿಗಳಲ್ಲಿ ಹೆಚ್ಚು ಹೇರಲಿಲ್ಲ. ದಾರಿ ತೋರಿಸಲು ಬಂದವನು ದಾರಿ ತಪ್ಪಿಸಿದ. ಕರ್ನಲ್ ದಿಕ್ಸೂಚಿ ತೆಗೆದರು, ಕ್ಯಾಪ್ಟನ್ ನಕ್ಷೆ ತೆಗೆದರು, ಎರಡೂ ಬೇರೆ ಬೇರೆ ಕಡೆ ತೋರಿಸಿದವು. ಅಷ್ಟರಲ್ಲಿ ಹಿಮ ಶುರುವಾಯಿತು. ಸಿಮರಾನ್ ನದಿಯ ಕೊರಕಲಿನಲ್ಲಿ ಸಿಕ್ಕಿಕೊಂಡೆವು. ಮರದಲ್ಲಿ ಉಳಿದಿದ್ದ ಒಣ ಹಣ್ಣನ್ನು ಬೀಜ ಸಮೇತ ಕುಟ್ಟಿ ತಿಂದೆವು. ಲೆಮ್ ಒಂದು ಮೊಲಕ್ಕೆ ಗುಂಡು ಹೊಡೆದ, ಮೊಲದಲ್ಲಿ ಗುಂಡು ಬಿಟ್ಟು ಬೇರೇನೂ ಉಳಿಯಲಿಲ್ಲ. ಹಸಿವಿಗೆ ಕುದುರೆಗಳು ಒಂದರ ಬಾಲ ಇನ್ನೊಂದು ತಿಂದವು.

ಇದನ್ನೆಲ್ಲ ಓದಿ ಹೆದರಬೇಡ. ಈಗ ಊಟ ಸಿಗುತ್ತಿದೆ, ಕಲ್ಲಿನಂಥ ಬಿಸ್ಕತ್ತು, ಉಪ್ಪು ಹಚ್ಚಿದ ಮಾಂಸ. ನಿನ್ನ ಪತ್ರ, ಕಾಲುಚೀಲ ಎರಡೂ ಈ ಶಿಬಿರದಲ್ಲಿ ಕಾದಿದ್ದವು, ಕಾಲುಚೀಲದಿಂದ ನನ್ನ ಕಾಲು ಉಳಿಯಿತು. ಲೆಮ್‌ನ ಕಾಲಿಗೆ ಸ್ವಲ್ಪ ಹಿಮ ಹೊಡೆದಿದೆ.

ಟ್ಯಾನ್ಸಿ ಚೆನ್ನಾಗಿದ್ದಾಳೆ.

ಪ್ರೌಟಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ನೀನು ಮನೆಯಲ್ಲಿ ಇರುವಾಗ ಯಾರು ತಾನೇ ಒಳಗೆ ಬರುತ್ತಾರೆ? ನಾನಾದರೆ ಬರುವುದಿಲ್ಲ.

ಜೊಥಾಮ್


ವಿಲೋ ಕ್ರೀಕ್
೧೮೬೯ ಜನವರಿ ೧೪

ಜೊಥಾಮ್,

ನಾಲ್ಕು ಕಡೆ ಒದ್ದೆಯಾಗಿ, ಒಣಗಿ, ಚರ್ಮದಂತಾಗಿ ನಿನ್ನ ಪತ್ರ ಬಂತು. ಮೊಲಕ್ಕೆ ಅಷ್ಟು ಉದ್ದ ಬರೆದಿದ್ದೀಯ, ಟ್ಯಾನ್ಸಿಗೆ ಎರಡೇ ಪದ. ಕುದುರೆಗಳೆಲ್ಲ ಬಾಲ ತಿಂದುಕೊಂಡವು, ಇವಳೊಬ್ಬಳು ಚೆನ್ನಾಗಿದ್ದಾಳೆ! ಯಾರ ಬಾಲ ತಿಂದಳು? ಇವಳ ಬಾಲ ಯಾರು ತಿಂದರು? ಮೈ ಇಳಿದಿದೆಯೇ? ಗೊರಸು ಹೇಗಿದೆ? ಕೇಳಿದ್ದಕ್ಕೆ ಉತ್ತರ ಬರೆಯುವ ಅಭ್ಯಾಸ ಯಾವಾಗ ಬಂದೀತು ನಿನಗೆ?

ಕ್ಯಾಪ್ಟನ್ನರ ಮನೆಯವರು ಪತ್ರಿಕೆಯಲ್ಲಿ ಬರೆಸಿದ್ದಾರೆ, ನಮ್ಮ ವೀರರು ಹಿಮವನ್ನು ಸೀಳಿ ಮುನ್ನುಗ್ಗುತ್ತಿದ್ದಾರೆ ಎಂದು. ಚರ್ಚಿನಲ್ಲಿ ಅದನ್ನು ಓದಿ ಹೇಳಿದರು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಏನು ಮುಖ ಮಾಡಬೇಕೋ ತಿಳಿಯದೆ ಕೈಗವಸು ಸರಿಮಾಡಿಕೊಂಡೆ.

ಇಲ್ಲಿ ಎಲ್ಲ ಸರಿಯಾಗಿದೆ. ಸೌದೆ ಬೇಕಾದಷ್ಟಿದೆ.

ಏಪ್ರಿಲ್ ಮಧ್ಯ. ಮರೆಯಬೇಡ.

ಲವೀನಿಯಾ


ವಾಶಿಟಾ ನದಿಯ ಕೆಳಗಿನ ಶಿಬಿರ
ಫೆಬ್ರವರಿ ೩

ಅಕ್ಕ,

ಸೌದೆ ಬೇಕಾದಷ್ಟಿದೆ ಎಂದು ಓದಿ ಸಮಾಧಾನವಾಯಿತು.

ನಾವು ಬರುವ ಮುಂಚೆ ಖಾಯಂ ಸೇನೆಯವರು ನದಿಯ ದಂಡೆಯ ಚೆಯೆನ್ನರ ಹಳ್ಳಿಯೊಂದನ್ನು ಬೆಳಗಿನ ಜಾವ ಹೊಕ್ಕು ಸುಟ್ಟಿದ್ದರು. ನಮಗೆ ಯುದ್ಧ ತಪ್ಪಿಹೋಯಿತು ಎಂದು ರೆಜಿಮೆಂಟಿನಲ್ಲಿ ಎಲ್ಲರೂ ಹಲ್ಲು ಕಡಿದರು. ನಾನೂ ಕಡಿದೆ. ಆಮೇಲೆ ಆ ಜಾಗದ ಮೇಲೇ ಹಾದುಹೋದೆವು. ಗುಡಾರದ ಕಂಬಗಳು ಸುಟ್ಟು ನಿಂತಿವೆ. ಒಂದು ಪುಟ್ಟ ಪಾದರಕ್ಷೆ, ಒಳಗೆ ತುಪ್ಪಳ, ನನ್ನ ಹೆಬ್ಬೆರಳಿನಷ್ಟಿತ್ತು. ಅದಕ್ಕಿಂತ ಆಚೆ ತಗ್ಗಿನಲ್ಲಿ ಅವರ ಕುದುರೆಗಳು. ನೂರಾರು. ಹಿಡಿದು ಗುಂಡಿಕ್ಕಿ ರಾಶಿ ಹಾಕಿದ್ದಾರೆ. ಯಾಕೆ ಎಂದು ಸಾರ್ಜೆಂಟನನ್ನು ಕೇಳಿದೆ.

"ಅವರಿಗೆ ಸಿಗಬಾರದು ಅಂತ."

"ನಮಗೆ ಕೊಡಬಹುದಿತ್ತಲ್ಲ ಸಾರ್ಜೆಂಟ್? ನಾವು ನಡೀತಾ ಇದ್ದೀವಿ."

"ಬರ್ಡೆಟ್, ಸೈನ್ಯದಲ್ಲಿ ಬುದ್ಧಿ ಉಪಯೋಗಿಸಬೇಡ, ಸವೆದು ಹೋಗ್ತದೆ" ಎಂದರು.

ಕೆಲವು ಕಡೆ ನಡೆಯುತ್ತೇವೆ, ಕುದುರೆಗಳಿಗೆ ಆಯಾಸವಾಗಬಾರದೆಂದು. ಟ್ಯಾನ್ಸಿಗೆ ಈಗ ಕೆಲಸವಿಲ್ಲ, ವಿಶ್ರಾಂತಿಯಲ್ಲಿದ್ದಾಳೆ. ಲೆಮ್‌ನ ಕಾಲು ಸರಿಹೋಗಲಿಲ್ಲ, ಬಂಡಿಯಲ್ಲಿ ಮನೆಗೆ ಕಳಿಸುತ್ತಿದ್ದಾರೆ. ಅವನು ಏನಾದರೂ ಉತ್ಪ್ರೇಕ್ಷೆ ಮಾಡಿ ಹೇಳಿದರೆ ನಂಬಬೇಡ. ಅವನ ಸ್ವಭಾವ ನಿನಗೆ ಗೊತ್ತಲ್ಲ.

ಜೊಥಾಮ್


ವಿಲೋ ಕ್ರೀಕ್
ಫೆಬ್ರವರಿ ೨೭

ಜೊಥಾಮ್ ಬರ್ಡೆಟ್,

ವಿಶ್ರಾಂತಿಯಂತೆ!

ಲೆಮ್ ಟಕೆಟ್ ಬಂದಿದ್ದ. ಎರಡು ಕೋಲು ಊರಿಕೊಂಡು, ಎಡಗಾಲಿನ ಬೆರಳುಗಳಿಲ್ಲದೆ. ಅವರಮ್ಮ ಬಂಡಿಯಲ್ಲಿ ಮನೆಗೆ ಕರೆದೊಯ್ಯುವಾಗ ದಾರಿಯಲ್ಲಿ ಇಲ್ಲಿ ಇಳಿಸಿದರು. ಕಾಫಿ ಕೊಟ್ಟೆ. ಲೋಟ ತಿರುಗಿಸುತ್ತ ಚಳಿಯ ಮಾತೇ ಆಡಿದ. ನಾನೇ ಕೇಳಿದೆ.

"ಲೆಮ್, ಟ್ಯಾನ್ಸಿ ಹೇಗಿದ್ದಾಳೋ?"

ಅವನು ಅವರಮ್ಮನ ಮುಖ ನೋಡಿದ.

"ಅಕ್ಕಾ, ಜೊಥಾಮ್ ಬರೆದಿಲ್ವಾ?"

"ಚೆನ್ನಾಗಿದ್ದಾಳೆ ಅಂತ ಬರೆದಿದ್ದಾನೆ."

"ಹಾಗಾದ್ರೆ ಚೆನ್ನಾಗಿದ್ದಾಳೆ."

"ಲೆಮ್ ಟಕೆಟ್, ನನ್ನ ಕಾಫಿ ಕುಡೀತಾ ನನಗೇ ಸುಳ್ಳು ಹೇಳ್ಬೇಡ."

ಆಗ ಹೇಳಿದ. ಕೊರಕಲಿನಲ್ಲಿ ಹಿಮ ಬಿದ್ದ ಎರಡನೆಯ ದಿನವೇ ಅವಳು ಕುಸಿದಳಂತೆ. ಏಳಿಸಲು ನೀನು ನಿನ್ನ ಕಂಬಳಿ ಹೊದೆಸಿದೆಯಂತೆ, ನಿನ್ನ ಪಾಲಿನ ಬಿಸ್ಕತ್ತನ್ನು ನೆನೆಸಿ ಬಾಯಿಗೆ ಹಾಕಿದೆಯಂತೆ. ಏಳಲಿಲ್ಲ. ಸಾರ್ಜೆಂಟ್ ಬಂದೂಕು ಹಿಡಿದು ಬಂದಾಗ ನೀನು ತಡೆದು, "ನಮ್ಮನೇದು, ನಾನೇ ಮಾಡ್ತೀನಿ" ಎಂದೆಯಂತೆ. "ಆಮೇಲೆ ಎಲ್ಲರ ಜೊತೆ ಅವನೂ ತಿಂದ ಅಕ್ಕಾ. ತಿನ್ನದೆ ಇರೋಕೆ ಆಗ್ತಿರ್ಲಿಲ್ಲ. ಬೈಬೇಡಿ ಅವನಿಗೆ" ಎಂದ.

ಯಾಕೆ ಬೈಯಬಾರದು? ಕುದುರೆ ಸತ್ತದ್ದಕ್ಕೆ ಬೈಯುತ್ತಿಲ್ಲ. ಮೂರು ತಿಂಗಳು ಸತ್ತ ಕುದುರೆಯ ಯೋಗಕ್ಷೇಮ ನನ್ನಿಂದ ಕೇಳಿಸಿದೆಯಲ್ಲ, ಅದಕ್ಕೆ. ಗೊರಸು ಹೇಗಿದೆ, ಮೈ ಇಳಿದಿದೆಯೇ ಎಂದು ಮೂರ್ಖಳಂತೆ ಬರೆದೆನಲ್ಲ, ಅದಕ್ಕೆ. ನೀನು ಇದೊಂದನ್ನು ಮುಚ್ಚಿಟ್ಟಿದ್ದೀಯ ಎಂದ ಮೇಲೆ ಇನ್ನೇನೇನು ಮುಚ್ಚಿಟ್ಟಿದ್ದೀಯೋ? ನಿನ್ನ ಕಾಲಿನಲ್ಲಿ ಬೆರಳು ಎಷ್ಟು ಉಳಿದಿವೆ? ಲೆಮ್ ಎಲ್ಲವೂ ಇವೆ ಎಂದ. ಅವನನ್ನೂ ನಂಬುವುದೋ ಬೇಡವೋ.

ಕುದುರೆಯ ಋಣ ಅಲ್ಲಿಗೆ ಮುಗಿಯಿತು. ಪ್ರೌಟಿ ನಿನ್ನೆ ನಮ್ಮ ಬೇಲಿಯ ಉದ್ದಕ್ಕೂ ಹೆಜ್ಜೆ ಹಾಕಿ ಅಳೆಯುತ್ತಿದ್ದ. ಕೇಳಿದರೆ ಸುಮ್ಮನೆ ಕಾಲು ಸಡಿಲ ಮಾಡಿಕೊಳ್ಳುತ್ತಿದ್ದೇನೆ ಎಂದ. ಹೇಗೆ ಬರುತ್ತೀಯೋ ಗೊತ್ತಿಲ್ಲ, ಏಪ್ರಿಲ್ ಮಧ್ಯದೊಳಗೆ ಬಾ.

ಲವೀನಿಯಾ


ಸರಬರಾಜು ಶಿಬಿರ, ವಾಪಸು ದಾರಿಯಲ್ಲಿ
ಮಾರ್ಚ್ ೩೦

ಅಕ್ಕ,

ಲೆಮ್ ನನಗೂ ಚೀಟಿ ಬರೆಸಿ ಬಂಡಿಯವನ ಕೈಲಿ ಕಳಿಸಿದ್ದಾನೆ. ನೀನು ಸೌದೆಯಿಲ್ಲದೆ ನನ್ನ ಮಂಚ ಒಡೆದು ಒಲೆಗೆ ಹಾಕಿದೆಯಂತೆ, ಆಮೇಲೆ ನಿನ್ನದನ್ನೂ. ಒಲೆಯ ಮುಂದೆ ನೆಲದಲ್ಲಿ ಮಲಗುತ್ತೀಯಂತೆ. ಬಲಗೈ ಮಣಿಕಟ್ಟು ಊದಿಕೊಂಡು ಕಾಫಿ ಎಡಗೈಯಲ್ಲಿ ಬಗ್ಗಿಸಿದೆಯಂತೆ. "ಸೌದೆ ಬೇಕಾದಷ್ಟಿದೆ." ನನಗೆ ಬೈಯುವ ಮೊದಲು ನಿನ್ನ ಪತ್ರಗಳನ್ನೂ ಒಮ್ಮೆ ಓದಿಕೋ. ನಾನು ಒಂದು ಕುದುರೆಯನ್ನು ಬದುಕಿಸಿಟ್ಟೆ, ನೀನು ಇಡೀ ಮನೆಯನ್ನು ಬೆಚ್ಚಗಿಟ್ಟೆ. ಇಬ್ಬರಲ್ಲಿ ಯಾರು ದೊಡ್ಡ ಸುಳ್ಳರು?

ನಮ್ಮ ರೆಜಿಮೆಂಟಿನ ಕಥೆ ಮುಗಿಯಿತು. ಈಗ ಒಬ್ಬರ ಬಳಿಯೂ ಕುದುರೆಯಿಲ್ಲ. ಅಶ್ವದಳವೆಂದು ಹೊರಟ ನಾವು ಜೀನುಗಳನ್ನೂ ಸುಟ್ಟು, ಬೂಟಿಗೆ ಚೀಲದ ಬಟ್ಟೆ ಸುತ್ತಿಕೊಂಡು ನಡೆಯುತ್ತಿದ್ದೇವೆ. ಕಹಳೆಯವನು ಈಗಲೂ ಬೆಳಿಗ್ಗೆ ಕುದುರೆ ಹತ್ತುವ ಕರೆ ಊದುತ್ತಾನೆ. ಬೇರೆ ಕರೆ ಊದಲು ಯಾರೂ ಆಜ್ಞೆ ಕೊಟ್ಟಿಲ್ಲವಂತೆ.

ಹದಿನೈದು ದಿನದ ಹಿಂದೆ ಚೆಯೆನ್ನರ ದೊಡ್ಡ ಶಿಬಿರ ಸಿಕ್ಕಿತು. ಎಲ್ಲರೂ ಬಂದೂಕು ತುಂಬಿಕೊಂಡೆವು. ಗುಂಡು ಹಾರಿಸಕೂಡದು ಎಂದು ಆಜ್ಞೆ ಬಂತು, ಆ ಇಬ್ಬರು ಹೆಂಗಸರು ಒಳಗಿದ್ದಾರೆ, ಹಾರಿಸಿದರೆ ಅವರನ್ನೇ ಮೊದಲು ಕೊಲ್ಲುತ್ತಾರೆ ಎಂದು. ನಮ್ಮವರಿಗೆ ಹುಚ್ಚು ಹಿಡಿದಂತಾಯಿತು. "ಇಷ್ಟು ದೂರ ನಡೆದು ಬಂದದ್ದು ಮುಖ ನೋಡೋಕಾ?" ಎಂದು ಕ್ಯಾಪ್ಟನ್ನರ ಮುಖಕ್ಕೇ ಕೂಗಿದರು. ಮಾತುಕತೆಗೆಂದು ಬಂದ ಅವರ ಮುಖಂಡರನ್ನು ನಮ್ಮ ಮೇಲಿನವರು ಹಿಡಿದಿಟ್ಟುಕೊಂಡರು. ಅದು ಮರ್ಯಾದೆಯ ಕೆಲಸವಾಗಿರಲಿಲ್ಲ. ಮೂರು ದಿನದ ಮೇಲೆ ಇಬ್ಬರು ಹೆಂಗಸರೂ ಒಂದೇ ಕುದುರೆಯ ಮೇಲೆ ಬಂದರು. ಹಿಟ್ಟಿನ ಚೀಲ ಹೊಲಿದ ಬಟ್ಟೆ ತೊಟ್ಟಿದ್ದರು. ಯಾರೂ ಜಯಕಾರ ಹಾಕಲಿಲ್ಲ. ಒಬ್ಬಾಕೆಗೆ ನನ್ನ ಕೋಟು ಕೊಟ್ಟೆ. ತೋಳು ಅವಳಿಗೂ ಉದ್ದವಾಯಿತು.

ಆ ಮೂರು ದಿನ ನಾನು ಅವರ ಶಿಬಿರದ ಅಂಚಿನಲ್ಲಿ ಕಾವಲಿದ್ದೆ. ಅವರೂ ಕುದುರೆಯ ಮಾಂಸವನ್ನೇ ಬೇಯಿಸುತ್ತಿದ್ದರು. ಒಬ್ಬಳು ವಯಸ್ಸಾದ ಹೆಂಗಸು ನನ್ನ ವಯಸ್ಸಿನ ಒಬ್ಬನನ್ನು ಎದುರು ನಿಲ್ಲಿಸಿಕೊಂಡು ಬೈಯುತ್ತಿದ್ದಳು. ಒಂದು ಬಡಕಲು ಕುದುರೆಯ ಕಡೆ ಕೈ ತೋರಿಸುವಳು, ಮತ್ತೆ ಬೈಯುವಳು. ಅವನು ನೆಲ ನೋಡುತ್ತ ನಿಂತಿದ್ದ. ಒಂದು ಪದವೂ ನನಗೆ ತಿಳಿಯಲಿಲ್ಲ ಅಕ್ಕ, ಆದರೆ ಪೂರ್ತಿ ಅರ್ಥವಾಯಿತು. ಗೊರಸು ಹೇಗಿದೆ, ಬಕೆಟ್ಟಿನಲ್ಲಿ ನೀರು ಕೊಟ್ಟೆಯಾ ಎಂದೇ ಕೇಳುತ್ತಿದ್ದಳು. ಇವರನ್ನು ಕೊಲ್ಲಲು ನಾನು ಇಷ್ಟು ದೂರ ಬಂದೆ. ನಮ್ಮ ಕ್ರೀಕಿನ ದಂಡೆಯಲ್ಲಿ ಉಳುವಾಗ ಬಣ್ಣದ ಮಣಿಗಳು ಸಿಗುತ್ತವಲ್ಲ, ಅಲ್ಲಿ ಮೊದಲು ಯಾರ ಒಲೆ ಇತ್ತು ಎಂದು ನಾನು ಕೇಳಿರಲೇ ಇಲ್ಲ.

ಏಪ್ರಿಲ್‌ನಲ್ಲಿ ಕೋಟೆಯಲ್ಲಿ ನಮ್ಮನ್ನು ಬಿಡುಗಡೆ ಮಾಡುತ್ತಾರೆ. ಆದರೆ ನಾನು ನೇರ ಬರುವುದಿಲ್ಲ. ಕುದುರೆಯ ಮೇಲೆ ಹೋದವನು ಬರಿಗೈಯಲ್ಲಿ ನಡೆದುಕೊಂಡು ಹೇಗೆ ಬರಲಿ? ಸರಕು ಬಂಡಿಗಳ ಮಾಲೀಕನೊಬ್ಬ ಶರತ್ಕಾಲದವರೆಗೆ ದುಡಿದರೆ ಕೂಲಿಯಾಗಿ ಒಳ್ಳೆಯ ಹೆಣ್ಣುಕುದುರೆ ಕೊಡುತ್ತೇನೆ ಎಂದಿದ್ದಾನೆ. ಟ್ಯಾನ್ಸಿಯ ಬದಲಿಗೆ ಅದನ್ನು ತಂದು ನಿನ್ನ ಕೊಟ್ಟಿಗೆಯಲ್ಲಿ ನಿಲ್ಲಿಸುತ್ತೇನೆ. ಪ್ರೌಟಿಗೆ ನಾನು ಸೈನ್ಯದಲ್ಲಿದ್ದೇನೆಂದು ಹೇಳುತ್ತಿರು, ಸಾಕು.

ಜೊಥಾಮ್


ವಿಲೋ ಕ್ರೀಕ್
ಏಪ್ರಿಲ್ ೧೬

ಶ್ರೀ ಜೊಥಾಮ್ ಬರ್ಡೆಟ್ ಅವರಿಗೆ,

ಆರು ತಿಂಗಳಿಗಿಂತ ಹೆಚ್ಚು ಕಾಲ ನೀವು ಹಿಡುವಳಿಯನ್ನು ತೊರೆದು ಹೋಗಿದ್ದೀರಿ ಎಂದು ಜಮೀನು ಕಚೇರಿಯಲ್ಲಿ ತಕರಾರು ಸಲ್ಲಿಸಿದ್ದೇನೆ. ವಿಚಾರಣೆ ಮೇ ೨೪, ಸೋಮವಾರ. ಕಾನೂನಿನಂತೆ ನಿಮಗೆ ತಿಳಿಸಬೇಕು, ತಿಳಿಸಿದ್ದೇನೆ. ಪತ್ರಿಕೆಯಲ್ಲೂ ಹಾಕಿಸಿದ್ದಾರೆ.

ಹೇಳುವುದೇನಾದರೂ ಇದ್ದರೆ ಬಂದು ಹೇಳಿ.

ಲವೀನಿಯಾ ಬರ್ಡೆಟ್


ಕೋಟೆಯ ಸರಕು ಅಂಗಳ
ಮೇ ೮

ಅಕ್ಕ,

ನಿನ್ನ ಪತ್ರಕ್ಕಿಂತ ಮೊದಲು ಪತ್ರಿಕೆಯೇ ಬಂತು. ಬಂಡಿಯವರು ಜೋರಾಗಿ ಓದಿದರು. "ಏ ಬರ್ಡೆಟ್, ಚೆಯೆನ್ನರು ಬಿಟ್ರೂ ನಿಮ್ಮಕ್ಕ ಬಿಡ್ಲಿಲ್ಲ ಕಣೋ!" ಊಟದ ಹೊತ್ತಿಗೆಲ್ಲ ಇದೇ ಮಾತು. ಹೇಸರಗತ್ತೆಗಳೂ ನಗುತ್ತಿರುವಂತೆ ಕಂಡವು.

ನಾಲ್ಕು ದಿನ ನಿನಗೆ ಕೆಟ್ಟ ಕೆಟ್ಟ ಪತ್ರ ಬರೆದು ಹರಿದೆ. ಒಂದು ಕುದುರೆಗಾಗಿ ತಮ್ಮನ ಮೇಲೆ ಕಚೇರಿ ಹತ್ತಿದೆಯಲ್ಲ. "ನೀವು" ಎಂದು ಬರೆದೆಯಲ್ಲ. ನಾನು ಆ ಕುದುರೆಯನ್ನು ತರಲೆಂದೇ ಇಲ್ಲಿ ಹೇಸರಗತ್ತೆಗಳ ಒದೆ ತಿನ್ನುತ್ತಿದ್ದೇನೆ.

ಆಮೇಲೆ ಬೇರೆ ಯೋಚನೆ ಬಂತು. ನಾನು ಹೋದ ಮೇಲೆ ಆ ನೆಲವನ್ನು ಹಿಡಿದು ಕುಳಿತವಳು ನೀನು, ಮಂಚ ಸುಟ್ಟವಳು ನೀನು. ನಿನಗೆ ಬೇಕಾದ್ದು ಅದಾದರೆ ಇಟ್ಟುಕೋ, ನಿನ್ನದೇ. ಸೈನ್ಯದ ಬಿಡುಗಡೆ ಪತ್ರ ತೋರಿಸಿದರೆ ನಾನು ಗೆಲ್ಲಬಹುದು ಎಂದು ಇಲ್ಲಿಯ ಗುಮಾಸ್ತ ಹೇಳುತ್ತಾನೆ. ಅದಕ್ಕೇ ಬರುವುದಿಲ್ಲ. ನಾನು ಬಂದು ಬಾಗಿಲಲ್ಲಿ ನಿಂತರೆ ನೀನು ಸೋಲುತ್ತೀಯ.

ಇದು ಕೋಪದಿಂದ ಬರೆದದ್ದಲ್ಲ. ಸ್ವಲ್ಪ ಕೋಪವಿದೆ.

ಜೊಥಾಮ್


ವಿಲೋ ಕ್ರೀಕ್
ಮೇ ೨೬

ದಡ್ಡ,

ನೀನು ಅಕ್ಕನನ್ನು ಅರ್ಥಮಾಡಿಕೊಂಡ ಚಂದಕ್ಕೆ ನಿನ್ನನ್ನು ಜನರಲ್ ಮಾಡಬೇಕಿತ್ತು.

ಕೇಳು. ಶರತ್ಕಾಲದವರೆಗೆ ಬರುವುದಿಲ್ಲ ಎಂಬ ನಿನ್ನ ಪತ್ರ ಏಪ್ರಿಲ್‌ನಲ್ಲಿ ಕೈಗೆ ಬಂತು. ಎರಡು ದಿನ ಬಿಟ್ಟು ಬೆಳಿಗ್ಗೆ ನೋಡುತ್ತೇನೆ, ಪ್ರೌಟಿ ಭಾನುವಾರದ ಕೋಟು ತೊಟ್ಟು ಬಂಡಿ ಕಟ್ಟುತ್ತಿದ್ದಾನೆ. ಅಂದು ಭಾನುವಾರ ಅಲ್ಲ. ನಾನು ಡ್ಯೂಕ್‌ನ ಮೇಲೆ ಬರಿಬೆನ್ನಿಗೇ ಹತ್ತಿದೆ. ಬಂಡಿ ದಾರಿಗೆ ಹೋಗದೆ ಗುಡ್ಡದ ಮೇಲಿಂದ ಅಡ್ಡ ಹಾಯ್ದೆ. ಕಚೇರಿ ತಲುಪಿದಾಗ ಡ್ಯೂಕ್‌ನ ಬಾಯಲ್ಲಿ ನೊರೆ, ನನ್ನ ಕೂದಲು ಪೂರ್ತಿ ಬಿಚ್ಚಿತ್ತು.

"ತಕರಾರು ಯಾರ ಮೇಲಮ್ಮಾ?" ಎಂದರು ಅಧಿಕಾರಿ.

"ನನ್ನ ತಮ್ಮನ ಮೇಲೆ."

ಕನ್ನಡಕ ತೆಗೆದು ನನ್ನನ್ನು ನೋಡಿದರು. "ನೋಡಮ್ಮಾ, ಮನೇಲಿ ಏನೋ ಜಗಳ ಆಗಿದ್ರೆ..."

"ಜಗಳ ಆಡೋಕೆ ಅವನು ಮನೇಲಿದ್ರೆ ತಾನೇ?"

ನಾನು ಸಹಿ ಹಾಕಿ ಹೊರಬರುವಾಗ ಪ್ರೌಟಿ ಮೆಟ್ಟಿಲು ಹತ್ತುತ್ತಿದ್ದ. "ಏನಮ್ಮಾ, ನೀನಿಲ್ಲಿ?" ಎಂದ. "ನೀವು ಬಂದ ಕೆಲಸಕ್ಕೇ" ಎಂದೆ. ಮೆಟ್ಟಿಲ ಮೇಲೇ ಕುಳಿತುಬಿಟ್ಟ. ಅವನ ಕೈಗೆ ಹೋಗದಿರಲು ನಾನು ಹಿಡಿಯಬೇಕಿತ್ತು, ಹಿಡಿದೆ. ಅಷ್ಟೇ ಅದರ ಕಥೆ.

ಹಾಗಾದರೆ ಅದನ್ನೇ ಬಿಡಿಸಿ ಬರೆಯಬಹುದಿತ್ತಲ್ಲ ಎನ್ನುತ್ತೀಯ. ಬರೆಯಬಹುದಿತ್ತು. ಬಾ, ಬಾ ಎಂದು ಚಳಿಗಾಲವಿಡೀ ಬರೆದೆ. ನಿನಗೆ ಕುದುರೆ ಎಂದು ಕೇಳಿಸಿತು. ಒಳ್ಳೆಯ ಮಾತಿಗೆ ಬಾರದವನು ಜಗಳಕ್ಕಾದರೂ ಬರುತ್ತಾನೆ ಎಂದುಕೊಂಡೆ. ಕಚೇರಿಯಲ್ಲಿ ನಾಲ್ಕು ಜನರ ಮುಂದೆ ನನ್ನನ್ನು ಬಾಯಿಗೆ ಬಂದಂತೆ ಬೈದು, ಬಿಡುಗಡೆ ಪತ್ರವನ್ನು ಮೇಜಿನ ಮೇಲೆ ಎಸೆದು, ನೆಲ ಗೆದ್ದು ಮನೆಗೆ ಬರುತ್ತೀಯ ಎಂದುಕೊಂಡೆ. ರೊಟ್ಟಿಗೆ ಹಿಟ್ಟು ಕಲಸಿಟ್ಟು ಹೋಗಿದ್ದೆ.

ಸೋಮವಾರ ಗುಮಾಸ್ತ ನಿನ್ನ ಹೆಸರು ಕರೆದ. ನಾನು ಬಾಗಿಲ ಕಡೆ ತಿರುಗಿದೆ. ಮತ್ತೆ ಕರೆದ, ಮತ್ತೆ ತಿರುಗಿದೆ. ಒಬ್ಬ ಮನುಷ್ಯ ಒಳಗೆ ಬಂದ, ಎದ್ದೇ ನಿಂತೆ. ಬೇರೆ ಯಾರೋ, ಶಾಯಿ ಮಾರುವವನು. ಅಧಿಕಾರಿ ನನ್ನ ಹೆಸರು ಬರೆದು, "ಅಭಿನಂದನೆಗಳಮ್ಮಾ, ನೆಲ ನಿಮ್ಮದು" ಎಂದರು. ಬಾಗಿಲ ಕಡೆ ನೋಡುತ್ತಲೇ ಬರೆದೆ, ಸಹಿ ವಕ್ರವಾಯಿತು. ಪಾಪ, ಸಂತೋಷಕ್ಕೆ ಎಂದುಕೊಂಡಿರಬೇಕು.

ಮನೆಗೆ ಬಂದರೆ ನಿನ್ನ ಪತ್ರ ಬಂದಿತ್ತು. ನನ್ನನ್ನು ಗೆಲ್ಲಿಸಲು ಬರಲಿಲ್ಲವಂತೆ! ನಿನ್ನ ತ್ಯಾಗಕ್ಕಿಷ್ಟು. ಹಿಟ್ಟು ಹುಳಿಯಾಗಿ ಪಾತ್ರೆಯಿಂದ ಉಕ್ಕಿ ಮೇಜಿನ ಮೇಲೆ ಹರಿದಿತ್ತು. ಕುಳಿತು ಅತ್ತೆ. ಆಮೇಲೆ ಅದನ್ನೇ ಸುಟ್ಟು ತಿಂದೆ.

ಹಾರ್ಲನ್ ಅಣ್ಣನನ್ನು ಕುದುರೆಯಾಗಲಿ ಕಾಲಾಗಲಿ ವಾಪಸು ತರಲಿಲ್ಲ. ನನಗೆ ಕುದುರೆ ಬೇಡ ಜೊಥಾಮ್. ಕಾಲಿದ್ದರೆ ಸಾಕು.

ಅಕ್ಕ


ಸಲೈನಾ ಪಟ್ಟಣ ದಾಟಿದ ಮೇಲೆ, ಯಾರದೋ ಜಗಲಿಯಿಂದ
ಜೂನ್ ೧೧

ಅಕ್ಕ,

ಬಂಡಿಯ ಮಾಲೀಕನಿಗೆ ಹೇಳಿದೆ, ಹೋಗುತ್ತೇನೆ ಎಂದು. "ಏ ಹುಚ್ಚಾ, ಈಗ ಬಿಟ್ರೆ ಕುದುರೆ ಸಿಗಲ್ಲ ನೋಡು" ಎಂದ. ಸಿಗದಿದ್ದರೆ ಬಿಡಲಿ ಎಂದೆ. ಹಾಗಾದರೆ ನಿನಗೇನು ಬೇಕು ಎಂದು ಕೇಳಿದ. ರಾತ್ರಿಗೆ ಒಂದಿಷ್ಟು ರೊಟ್ಟಿ ಕಟ್ಟಿಕೊಡಿ ಎಂದೆ. ಮನುಷ್ಯ ಕೆಟ್ಟವನಲ್ಲ, ಕೊಟ್ಟ.

ನಡೆದೇ ಬರುತ್ತಿದ್ದೇನೆ. ಬೆರಳುಗಳೆಲ್ಲ ಇವೆ, ಬೇಕಾದರೆ ಎಣಿಸಿಕೋ. ಬಲ ಬೂಟಿನ ಅಟ್ಟೆ ನಿನ್ನೆ ಕಿತ್ತುಬಂತು. ಈ ಮನೆಯ ಮುದುಕಿ ಹಗ್ಗ ಕೊಟ್ಟು ಕಟ್ಟಿಕೋ ಎಂದಳು. ಯಾವ ರೆಜಿಮೆಂಟ್ ಎಂದು ಕೇಳಿದಳು. ಅಶ್ವದಳ ಎಂದೆ. ಬೂಟಿನ ಕಡೆ ನೋಡಿದಳು, ಮತ್ತೇನೂ ಕೇಳಲಿಲ್ಲ. ಕಾಗದ, ಮಸಿ ಅವಳದೇ. ನಾಳೆ ಟಪಾಲು ಬಂಡಿ ಹೋಗುತ್ತದಂತೆ. ನನಗಿಂತ ಮೊದಲು ಇದು ತಲುಪುತ್ತದೆ.

ನೆಲ ನಿನ್ನದಾದ ಮೇಲೆ ನಾನು ಅಲ್ಲಿ ಯಾರು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಆಳು ಎಂದು ಇಟ್ಟುಕೊಂಡರೂ ಸರಿ. ಮೊದಲು ಎರಡು ಮಂಚ ಮಾಡಬೇಕು.

ಒಂದೇ ಒಂದು ಕೇಳಿಕೊಳ್ಳುವುದಿದೆ. ಬೈಗುಳವನ್ನೆಲ್ಲ ಮೊದಲ ದಿನವೇ ಮುಗಿಸಿಬಿಡಬೇಡ ಅಕ್ಕ. ಉಳಿದುಕೊಳ್ಳುವುದಕ್ಕೇ ಬರುತ್ತಿದ್ದೇನೆ.

ಜೊಥಾಮ್